ಸಾರುವ ಹಕ್ಕು, ಒಲ್ಲೆನೆನ್ನುವ ಹಕ್ಕು

ಹಾಸನ ಸೀಮೆಯ ಹಾರನಹಳ್ಳಿಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ಗುಡಿಯೂ ಸೋಮೇಶ್ವರ ಗುಡಿಯೂ ಹತ್ತಿರ ಹತ್ತಿರವೇ ಇವೆ. ಹರಿಹರರ ಈ ನೆರೆಹೊರೆಯನ್ನು ತೋರಿಸಿ, ನಮ್ಮ ನಾಡಿನಲ್ಲಿ ಯಾರೂ ಯಾರನ್ನೂ ತಮ್ಮ ದಾರಿಗೆ ಕರೆದವರಲ್ಲ, ಮನೆಮನೆಗೆ ಹೋಗಿ ಸುವಾರ್ತೆ ಸಾರುವುದು ಹೊರಗಿನಿಂದ ಬಂದ ಚಾಳಿ ಎಂದುಬಿಡುವುದು ಸುಲಭ. ಆದರೆ ಇದೇ ಸೀಮೆಯ ಚರಿತ್ರೆ ಆ ಮಾತಿಗೆ ಸಾಕ್ಷಿ ನುಡಿಯುವುದಿಲ್ಲ. ಜೈನನಾಗಿದ್ದ ಬಿಟ್ಟಿದೇವ ರಾಮಾನುಜರಿಂದ ವಿಷ್ಣುವರ್ಧನನಾದನೆಂದು ಶ್ರೀವೈಷ್ಣವ ಪರಂಪರೆ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತದೆ. ಅವನು 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದ. ರಾಣಿ ಶಾಂತಲೆ ಮಾತ್ರ ಜಿನಭಕ್ತೆಯಾಗಿಯೇ ಉಳಿದಳು. 1133ರಲ್ಲಿ, ಅವನ ಆಳ್ವಿಕೆಯಲ್ಲೇ, ದಂಡನಾಯಕ ಗಂಗರಾಜನ ಮಗ ಬೊಪ್ಪ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಮತಗಳ ನಡುವಿನ ವಾದ ಯಾವಾಗಲೂ ಇಷ್ಟು ಸೌಮ್ಯವಾಗಿರಲಿಲ್ಲ. ಶ್ರೀವೈಷ್ಣವರ ಕಿರುಕುಳ ತಾಳಲಾರದೆ ಜೈನರು ವಿಜಯನಗರದ ಬುಕ್ಕರಾಯನ ಮೊರೆಹೊಕ್ಕಾಗ ಅವನು ಕೊಟ್ಟ ತೀರ್ಪು 1368ರ ಶ್ರವಣಬೆಳಗೊಳದ ಶಾಸನದಲ್ಲಿದೆ. ಅಂದರೆ ಮತ ಬದಲಿಸುವುದನ್ನೂ, ಬದಲಿಸಲೊಲ್ಲದವರನ್ನೂ, ಒಲ್ಲದವರ ಮೇಲೆ ಕೈಮಾಡಿದವರನ್ನೂ ಹಾಸನ ಸೀಮೆ ಕಂಡಿದೆ. ಕ್ರೈಸ್ತ ಸುವಾರ್ತಿಕನೂ ಈ ಹಳೆಯ ಜಗಳದೊಳಕ್ಕೇ ಬಂದವನು.

ಹಾಗಾಗಿ ಕೇಳಬೇಕಾದದ್ದು ಸಾರಬಹುದೇ ಎಂದಲ್ಲ, ಹೇಗೆ ಸಾರಬೇಕು ಎಂದು. ಕ್ರಿಸ್ತನಲ್ಲಿ ಸಕಲರಿಗೂ ರಕ್ಷಣೆಯಿದೆ ಎಂದು ನಿಜವಾಗಿ ನಂಬಿದವನು ಅದನ್ನು ನೆರೆಯವನಿಗೆ ಹೇಳದೆ ಉಳಿದರೆ, ಅದು ಸಭ್ಯತೆಯಂತೆ ಕಂಡರೂ ಒಳಗೆ ಒಂದು ತಾತ್ಸಾರ ಇರುತ್ತದೆ: ಇವನಿಗೆ ಹೇಳಿ ಏನು ಪ್ರಯೋಜನ ಎಂಬ ತಾತ್ಸಾರ. ತನ್ನ ದಾರಿಯೊಂದೇ ಸರಿ ಎನ್ನುವುದು ಉಳಿದವರಿಗೆ ಮಾಡುವ ಅವಮಾನವಲ್ಲವೇ ಎಂಬ ಆಕ್ಷೇಪವಿದೆ. ಎಲ್ಲ ದಾರಿಗಳೂ ಒಂದೇ ಎನ್ನುವುದೂ ಒಂದು ಮತವೇ. ತಮ್ಮದು ಬೇರೆಯೇ ಎಂದು ನಂಬಿದವರೆಲ್ಲ ತಪ್ಪೆಂದು ಅದೂ ಹೇಳುತ್ತದೆ. ಭಿನ್ನಮತದಿಂದ ಅವಮಾನವಾಗುವುದಿಲ್ಲ. ಎದುರಿನವನ ಉತ್ತರ ಕೇಳುವ ಮನಸ್ಸಿಲ್ಲದೆ ಮಾತಾಡಿದಾಗ, ಅವನ ದೇವರನ್ನು ಹೀಗಳೆದು ತನ್ನದನ್ನು ಮೇಲೆತ್ತಿದಾಗ ಆಗುತ್ತದೆ. ಸಂವಿಧಾನ ಸಭೆ ಮತಪ್ರಚಾರದ ಹಕ್ಕಿನ ಬಗ್ಗೆ ಬಿರುಸಿನ ಚರ್ಚೆ ನಡೆಸಿ, ವಿರೋಧವಿದ್ದರೂ ಅದನ್ನು 25ನೇ ವಿಧಿಯಲ್ಲಿ ಉಳಿಸಿಕೊಂಡಿತು. 1977ರಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ಹಲವು ಕ್ರೈಸ್ತರಿಗೆ ಇದು ಕಹಿಯಾದ ತೀರ್ಪು. ನನಗೆ ಅದರ ಅರ್ಧ ಒಪ್ಪಿಗೆ: ಮತ ಬದಲಿಸುವ ಹಕ್ಕು ಹೇಳುವವನದಲ್ಲ, ಕೇಳುವವನದು. ಆದರೆ ಕೇಳುವವನ ಆ ಹಕ್ಕನ್ನು ತೀರ್ಪು ಅಷ್ಟೇ ಗಟ್ಟಿಯಾಗಿ ಎತ್ತಿ ಹಿಡಿಯಲಿಲ್ಲ.

ಇನ್ನು ಸಾರುವವನಿಗೆ ಬೇಕಾದ ದಿಟ್ಟತನದ ವಿಷಯಕ್ಕೆ ಬಂದರೆ ಅಬ್ಬೆ ದ್ಯುಬ್ವಾನನ್ನು ನೆನೆಯದೆ ಮುಂದೆ ಹೋಗಲಾಗದು. 1792ರಲ್ಲಿ ಭಾರತಕ್ಕೆ ಬಂದ ಈ ಫ್ರೆಂಚ್ ಪಾದ್ರಿ, ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಗೆ ಬಂದು, ಇಲ್ಲಿಯವರಂತೆ ಉಡುಪು ತೊಟ್ಟು, ಇಲ್ಲಿಯ ಊಟ ಮಾಡಿ, ಕ್ರೈಸ್ತ ಒಕ್ಕಲುಗಳನ್ನು ನೆಲೆಗೊಳಿಸಿದ. ಸಿಡುಬಿನ ಲಸಿಕೆ ಹಾಕಿಸುವುದರಲ್ಲೂ ಮುಂದಿದ್ದ. ಲಸಿಕೆಗೆ ಜಾತಿ-ಮತ ಕೇಳಬೇಕಾಗಿರಲಿಲ್ಲ. 1823ರಲ್ಲಿ ಅವನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಪತ್ರಗಳು ಯುರೋಪಿನ ಮಿಷನರಿ ವಲಯವನ್ನು ಕೆರಳಿಸಿದವು. ಹಿಂದೂಗಳನ್ನು ಮತಾಂತರಿಸುವ ಕೆಲಸ ಸೋತಿದೆ, ಇಪ್ಪತ್ತೈದು ವರ್ಷಗಳಲ್ಲಿ ತಾನು ಸೇರಿಸಿದ್ದು ಇನ್ನೂರು ಮುನ್ನೂರು ಜನರನ್ನಷ್ಟೇ, ಅವರಲ್ಲೂ ಹೆಚ್ಚಿನವರು ಬೇರೆ ಗತಿಯಿಲ್ಲದೆ ಬಂದವರು ಎಂದು ಅವನೇ ಬರೆದ. ಹಣ ಕೊಡುವವರಿಗೆ ಏರಿಸಿ ಲೆಕ್ಕ ಒಪ್ಪಿಸುವ ಚಟ ಎಲ್ಲ ಕಾಲದ ಸಂಸ್ಥೆಗಳಿಗೂ ಇರುವಾಗ, ಸೋತೆ ಎಂದು ಅಚ್ಚು ಹಾಕಿಸುವುದಕ್ಕೆ ಎದೆಗಾರಿಕೆ ಬೇಕು. ಆದರೂ ಅವನ ತೀರ್ಮಾನ ಪೂರ್ತಿ ನಿಜವಾಗಲಿಲ್ಲ. ಹಾಸನದ ಹತ್ತಿರದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಇಗರ್ಜಿ ಈಗ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗೇಳುತ್ತಿರಬಹುದು (ಅಲ್ಲಿ ಫೋಟೋ ತೆಗೆಸಿಕೊಳ್ಳಲು ಹೋಗುವವರು ಒಳಗೆ ಯಾರು ಪ್ರಾರ್ಥಿಸುತ್ತಿದ್ದರೆಂದು ಕೇಳುವುದು ಕಡಿಮೆ), ಹಾಸನದ ಕ್ರೈಸ್ತ ಒಕ್ಕಲುಗಳು ಮಾತ್ರ ಉಳಿದುಕೊಂಡಿವೆ. ಗತಿಯಿಲ್ಲದೆ ಬಂದವರ ನಂಬಿಕೆ ನಂಬಿಕೆಯೇ ಅಲ್ಲವೆಂದು ಎಣಿಸಿದ್ದೇ ದ್ಯುಬ್ವಾನ ತಪ್ಪೆಂದು ನನಗನ್ನಿಸುತ್ತದೆ.

ಆಮಿಷವೊಡ್ಡಿ ಮತ ಬದಲಿಸುತ್ತಾರೆ ಎಂಬ ಇವತ್ತಿನ ವಾದದಲ್ಲೂ ಆ ತಪ್ಪು ಇದೆ. ಆಸ್ಪತ್ರೆ, ಶಾಲೆ ಎಲ್ಲ ಗಾಳದ ಹುಳು ಎನ್ನುತ್ತಾರೆ. ಹಸಿದವನ ಮುಂದೆ ಅನ್ನವಿಟ್ಟು ಜ್ಞಾನಸ್ನಾನ ಕೇಳಿದರೆ ಅದು ನಿಜಕ್ಕೂ ಹೇಯ, ಅಲ್ಲಿ ದಿಟ್ಟತನದ ಮಾತೇ ಇಲ್ಲ; ಒಲ್ಲೆ ಎನ್ನಲಾರದವನಿಗೆ ಹೇಳುವುದರಲ್ಲಿ ಹೇಳುವವನಿಗೆ ಅಪಾಯವೇನು? ಆದರೆ ಹಾಸನದಲ್ಲಿ ವೆಸ್ಲಿಯನ್ ಮಿಷನ್ ತೆರೆದ ರೆಡ್‌ಫರ್ನ್ ಆಸ್ಪತ್ರೆಯ ಹೆರಿಗೆ ಕೋಣೆಯಿಂದ ಮನೆಗೆ ಮರಳಿದ ತಾಯಂದಿರೆಲ್ಲ ಕ್ರೈಸ್ತರಾಗಿದ್ದರೆ ಜಿಲ್ಲೆಯ ಜನಗಣತಿಯೇ ಬೇರೆಯಾಗಿರುತ್ತಿತ್ತು. ಲಾಭದ ಲೆಕ್ಕವೂ ತಲೆಕೆಳಗಾಗಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯ ಸ್ಥಾನ ಕಳೆದುಕೊಳ್ಳುತ್ತಾನೆ. ಆಮಿಷ ಹುಡುಕುವುದಾದರೆ, ಮತ ಬದಲಿಸದೆ ಇರುವುದಕ್ಕೇ ಆಮಿಷವಿದೆ. ಇನ್ನು ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆ, 2023ರಲ್ಲಿ ಅದನ್ನು ಕೈಬಿಡಲು ಸಚಿವ ಸಂಪುಟ ತೀರ್ಮಾನಿಸಿತೆನ್ನುವುದು ಬೇರೆ ಮಾತು, ಹೆಂಗಸರನ್ನೂ ಪರಿಶಿಷ್ಟ ಜಾತಿ-ಪಂಗಡದವರನ್ನೂ ಅಪ್ರಾಪ್ತರ, ಬುದ್ಧಿ ಸ್ಥಿಮಿತವಿಲ್ಲದವರ ಸಾಲಿಗೆ ಸೇರಿಸಿ, ಅವರ ವಿಷಯದಲ್ಲಿ ಹೆಚ್ಚಿನ ಶಿಕ್ಷೆ ವಿಧಿಸಿತು. ರಕ್ಷಣೆ ಕೊಡುವ ಹೆಸರಿನಲ್ಲಿ ಅದು ಹೇಳಿದ್ದಿಷ್ಟೆ: ಶಾಂತಲೆಗಿದ್ದ ವಿವೇಕ ಇವರಿಗಿಲ್ಲ.

ಹೀಗೆ ನೋಡಿದರೆ ಸುವಾರ್ತೆಯ ಬೆಲೆಯನ್ನು ಹೆಚ್ಚಾಗಿ ತೆತ್ತವನು ಸಾರಿದವನಲ್ಲ, ಒಪ್ಪಿಕೊಂಡವನು. ಮಂಗಳೂರಿನಲ್ಲಿ 1844ರಲ್ಲಿ ಬಾಸೆಲ್ ಮಿಷನ್ನಿನಿಂದ ದೀಕ್ಷೆ ಪಡೆದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ ಊರಿನ ಸಿಟ್ಟನ್ನು ಎದುರಿಸಬೇಕಾಯಿತು. ಮುಂದೆ ಅವನೇ ಪಾದ್ರಿಯಾದ. ಹೊಲಗೇರಿಯಿಂದ ಬಂದವರಿಗೆ ಆ ದಾರಿ ಅಷ್ಟು ಬೇಗ ತೆರೆಯಲಿಲ್ಲ. ಕ್ರೈಸ್ತರೊಳಗೂ ಜಾತಿ ಉಳಿಯುವುದನ್ನು ದ್ಯುಬ್ವಾನ ಸಭೆ ಸಹಿಸಿಕೊಂಡಿತ್ತು. ಅನೇಕ ಕಡೆ ಬೇರೆ ಸಾಲು, ಬೇರೆ ಸ್ಮಶಾನ ಬಹಳ ಕಾಲ ನಡೆದವು. ಬೀದಿಯಲ್ಲಿ ನಿಂತು ಅನ್ಯರಿಗೆ ರಕ್ಷಣೆಯನ್ನು ಸಾರುವುದಕ್ಕೆ ಧೈರ್ಯ ಬೇಕು, ಒಪ್ಪುತ್ತೇನೆ, ಈಚಿನ ವರ್ಷಗಳಲ್ಲಿ ಹೊಡೆತವನ್ನೂ ತಿನ್ನಬೇಕಾಗಿದೆ. ಆದರೆ ಅದೇ ಮಾತನ್ನು ಇಗರ್ಜಿಯ ಮುಂದಿನ ಸಾಲಿನಲ್ಲಿ ಕುಳಿತವರ ಮುಖಕ್ಕೆ, ಹೆಣ್ಣು ಕೊಟ್ಟು ತರುವ ಲೆಕ್ಕಾಚಾರದಲ್ಲಿ ಮುಳುಗಿರುವ ಸ್ವಂತ ಸಭೆಯವರಿಗೆ ಹೇಳಿದ ಪಾದ್ರಿಗಳು ಎಷ್ಟು ಮಂದಿ?