ನಿಂತು ಕೊಡುವ ನಡು

ಕನ್ನಡದಲ್ಲಿ ‘ನಡು’ ಎಂದರೆ ಸೊಂಟವೂ ಹೌದು, ಮಧ್ಯವೂ ಹೌದು. ಎರಡಕ್ಕೂ ಒಂದೇ ಮಾತು ಒದಗಿಬಂದದ್ದು ಬರಿಯ ಅನುಕೂಲಕ್ಕೆ ಇರಲಾರದು. ಒಂದು ಕೆಲಸಕ್ಕೆ ಮನಸ್ಸು ಗಟ್ಟಿ ಮಾಡಿದವರನ್ನು ಟೊಂಕ ಕಟ್ಟಿ ನಿಂತರು ಎನ್ನುತ್ತೇವೆ. ಕೈ ಕಟ್ಟಿ ನಿಂತರು ಎಂದರೆ ಅರ್ಥವೇ ತಿರುವುಮುರುವಾಗುತ್ತದೆ. ಹಾಗಾದರೆ ಮನುಷ್ಯನ ಸಂಕಲ್ಪ ನೆಲೆಸಿರುವುದೆಲ್ಲಿ? ದುಡಿಯುವ ಕೈಯಲ್ಲೋ, ಆ ಕೈಯನ್ನು ದುಡಿಸುವ ನಡುವಿನಲ್ಲೋ?

ಈ ಪ್ರಶ್ನೆ ನನ್ನ ಬೆನ್ನು ಹತ್ತಿದ್ದು ಟೆಕ್ಸಾಸಿನ ಒಂದು ಸಾಫ್ಟ್‌ಬಾಲ್ ಮೈದಾನದಲ್ಲಿ. ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ, ಮೊಮ್ಮಗಳ ಸಂಜೆಯ ಅಭ್ಯಾಸಕ್ಕೆ ಜೊತೆಯಾಗಿ ಹೋಗುವುದು ನನ್ನ ಪಾಲಿನ ಕೆಲಸವಾಗಿತ್ತು. ಹನ್ನೊಂದು ವರ್ಷದ ಹುಡುಗಿ. ಹಲ್ಲು ಕಚ್ಚಿ, ಕತ್ತಿನ ನರ ಉಬ್ಬುವಂತೆ ಬ್ಯಾಟು ಬೀಸುತ್ತಿದ್ದಳು. ಚೆಂಡು ಮಾತ್ರ ಹತ್ತು ಹೆಜ್ಜೆ ಉರುಳಿ ಸುಮ್ಮನಾಗುತ್ತಿತ್ತು. ಒಂದು ಸಂಜೆ ಅವಳ ಕೋಚ್, ರಬ್ಬರಿನ ಸ್ಟ್ಯಾಂಡಿನ ಮೇಲೆ ಚೆಂಡು ಕೂರಿಸಿ, ಮಂಡಿಯೂರಿ ಕೂತು ಹೊಡೆ ಎಂದರು. ಹೊಡೆದಳು. ಚೆಂಡು ಎಂದಿನಷ್ಟೇ ದೂರ ಹೋಯಿತು. ಇಷ್ಟು ದಿನ ಎರಡು ಕಾಲ ಮೇಲೆ ನಿಂತಿದ್ದರೂ ಅವಳು ಹೊಡೆಯುತ್ತಿದ್ದದ್ದು ಮಂಡಿಯೂರಿದವಳ ಹಾಗೆಯೇ ಎಂಬುದು ಅವಳಿಗೂ ಅರ್ಥವಾಯಿತು, ಬೇಲಿಯ ಈಚೆ ಕೂತಿದ್ದ ನನಗೂ.

ಆಮೇಲೆ ಬ್ಯಾಟನ್ನು ಸೊಂಟದ ಹಿಂದೆ ಅಡ್ಡಲಾಗಿ ಇಟ್ಟು, ಎರಡೂ ಮೊಣಕೈಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು, ಚೆಂಡಿಲ್ಲದೆ ಬರಿದೇ ತಿರುಗುವ ಅಭ್ಯಾಸ. ಎಡಗಾಲು ಮುಂದಕ್ಕೆ, ಅದರ ಹಿಮ್ಮಡಿ ನೆಲಕ್ಕೆ. ಸೊಂಟ ಚೆಂಡು ಎಸೆಯುವ ಪಿಚರ್ ಕಡೆಗೆ. ಬಲಗಾಲಿನ ಹಿಮ್ಮಡಿ ಮೇಲಕ್ಕೆ. ಇಪ್ಪತ್ತು ಸಲ, ಮೂವತ್ತು ಸಲ. ಕೊನೆಗೆ ಬ್ಯಾಟು ಕೈಗೆ ಬಂತು. ಈ ಸಲ ಅವಳು ಹಲ್ಲು ಕಚ್ಚಿರಲಿಲ್ಲ. ಬ್ಯಾಟಿನ ಸದ್ದೇ ಬೇರೆಯಾಗಿತ್ತು. ಚೆಂಡು ನೆಲ ಮುಟ್ಟಿದ್ದು ಎರಡನೆಯ ಬೇಸಿನ ಆಚೆ, ಹುಲ್ಲಿನಲ್ಲಿ. ಅದೇ ಹುಡುಗಿ, ಅದೇ ತೋಳು, ಅದೇ ಬ್ಯಾಟು. ಯಾರೂ ಹೊಸದಾಗಿ ಬಲವನ್ನು ತಂದುಕೊಟ್ಟಿರಲಿಲ್ಲ. ಹಾಗಾದರೆ ಅದು ಇಷ್ಟು ದಿನ ಎಲ್ಲಿತ್ತು?

ನನ್ನ ಮೈ ಈ ಉತ್ತರವನ್ನು ಎಂದೋ ಕಲಿತಿತ್ತು. ಮನಸ್ಸಿಗೆ ಮಾತ್ರ ಅದು ತಲುಪಿರಲಿಲ್ಲ. ಸುಗ್ಗಿಯಲ್ಲಿ ಹುಲ್ಲಿನ ಮೆದೆ ಒಟ್ಟುವಾಗ, ಕೆಳಗೆ ನಿಂತವನು ಕಂತೆಯನ್ನು ಮೇಲೆ ಇರುವವನಿಗೆ ಎಸೆಯಬೇಕು. ಮೆದೆ ಆಳೆತ್ತರ ದಾಟಿದ ಮೇಲೆ ತೋಳಿನ ಬಲ ಸಾಲದು. ‘ಕೈಲಿ ಎಸೀಬೇಡ ಕಣಪ್ಪ, ಸೊಂಟದಲ್ಲಿ ಎಸಿ’ ಎಂದು ನಮ್ಮ ಹೊಲಕ್ಕೆ ಬರುತ್ತಿದ್ದ ಹಿರಿಯರೊಬ್ಬರು ಹೇಳುತ್ತಿದ್ದರು. ಅವರ ಮಾತಿಗೂ ಸಾಫ್ಟ್‌ಬಾಲ್ ಕೋಚ್ ಮಾತಿಗೂ ನಡುವೆ ಏಳು ಸಮುದ್ರ ಇರಬಹುದು. ಮೈಯೊಳಗಿನ ದಾರಿ ಒಂದೇ.

ನಿಜ ನೋಡಿದರೆ ಬಲ ಮೊದಲಾಗುವುದು ಸೊಂಟದಲ್ಲೂ ಅಲ್ಲ, ನೆಲದಲ್ಲಿ. ಪಾದ ನೆಲವನ್ನು ಒತ್ತುತ್ತದೆ, ನೆಲ ಪಾದವನ್ನು ಮರಳಿ ಒತ್ತುತ್ತದೆ. ಕಾಲು ಅದನ್ನು ಸೊಂಟಕ್ಕೆ ಏರಿಸುತ್ತದೆ, ಸೊಂಟ ಎದೆಗೆ, ಎದೆ ಹೆಗಲಿಗೆ, ಹೆಗಲು ತೋಳಿಗೆ, ತೋಳು ಮಣಿಕಟ್ಟಿಗೆ. ಕೈಯ ಸರದಿ ಬರುವುದು ಕಟ್ಟಕಡೆಗೆ. ಬ್ಯಾಟೂ ಚೆಂಡೂ ಕೂಡಿರುವುದು ಹೆಚ್ಚುಕಡಿಮೆ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು. ಆ ಗಳಿಗೆಯಲ್ಲಿ ಕೈ ಎಷ್ಟು ಹಟ ಹಿಡಿದರೂ ಹೊಸದಾಗಿ ಏನನ್ನೂ ಸೇರಿಸಲಾರದು. ಆಗಬೇಕಾದದ್ದೆಲ್ಲ ಅಷ್ಟರೊಳಗೆ ಆಗಿಹೋಗಿರುತ್ತದೆ. ನಾವು ಚಪ್ಪಾಳೆ ತಟ್ಟುವುದು ಮಾತ್ರ ಆ ಗಳಿಗೆಗೆ. ಓಕ್ಲಹೋಮ ವಿಶ್ವವಿದ್ಯಾಲಯದ ಜೋಸಿಲಿನ್ ಅಲೊ 2022ರಲ್ಲಿ ಕಾಲೇಜು ಆಟ ಮುಗಿಸಿದಾಗ ಅವರ ಹೆಸರಿನಲ್ಲಿ 122 ಹೋಮ್ ರನ್ ಇದ್ದವು. ಅದಕ್ಕೆ ಮುಂಚಿನ ದಾಖಲೆ 95. ಆ 122ನ್ನೂ ನಾವು ಎಣಿಸಿದ್ದು ಚೆಂಡು ಬೇಲಿ ದಾಟಿದ ತುದಿಯಿಂದ. ಅವು ಹೊರಟ ತುದಿಯಿಂದ, ಮಣ್ಣನ್ನು ಒತ್ತಿದ ಪಾದದ ಕಡೆಯಿಂದ, ಎಣಿಸಿದವರು ಯಾರಿದ್ದಾರೆ?

ಆದರೆ ನಡುವಿಗೆ ಬಲವಿದ್ದರೆ ಸಾಕೇ? ಅಮೆರಿಕದ ಬೇಸ್‌ಬಾಲಿನಲ್ಲಿ, ಸೊಂಟ ಮುಂದಾಗಿ ಕೈಗೆ ದಾರಿ ತೆರೆಯಬೇಕು ಎಂಬುದನ್ನು ಟೆಡ್ ವಿಲಿಯಮ್ಸ್ ಅವರಷ್ಟು ಆಳವಾಗಿ ಯೋಚಿಸಿ ಬರೆದವರು ಕಡಿಮೆ. ಅಂಥವರು ನಿವೃತ್ತಿಯ ತರುವಾಯ, 1960ರ ದಶಕದ ಆರಂಭದಲ್ಲಿ, ಕನೆಕ್ಟಿಕಟ್ಟಿನ ವಾಟರ್‌ಬರಿಯಲ್ಲಿ ಜೋನ್ ಜಾಯ್ಸ್ ಎಂಬ ಎಳೆಯ ಸಾಫ್ಟ್‌ಬಾಲ್ ಪಿಚರ್ ಎದುರು ನಿಂತರು. ಚೆಂಡು ಬ್ಯಾಟಿನ ಅಂಚಿಗೆ ತಾಗಿದ್ದೇ ಹೆಚ್ಚು. ಕೊನೆಗೆ ಬ್ಯಾಟು ಕೆಳಗಿಟ್ಟು ಹೊರನಡೆದರು. ಸಾಫ್ಟ್‌ಬಾಲಿನಲ್ಲಿ ಚೆಂಡು ದೊಡ್ಡದು, ದೂರ ಚಿಕ್ಕದು. ಇಂದು ದೊಡ್ಡ ಹೆಂಗಸರ ಆಟದಲ್ಲಿ ಪಿಚರ್ ನಿಲ್ಲುವುದು 43 ಅಡಿ ದೂರದಲ್ಲಿ. ಕೆಳಗಿನಿಂದ ಬೀಸಿ ಬಿಟ್ಟ ಚೆಂಡು ಅರೆ ಸೆಕೆಂಡು ತುಂಬುವ ಮೊದಲೇ ಎದುರಿಗೆ ಬಂದಿರುತ್ತದೆ. ವಿಲಿಯಮ್ಸ್ ಅವರ ನಡು ತಿಳಿದಿದ್ದ ಕಾಲವೇ ಬೇರೆ, ಅಲ್ಲಿ ನಡೆಯುತ್ತಿದ್ದ ಕಾಲವೇ ಬೇರೆ. ಅವರು ಸೋತರು ಎನ್ನಲು ನನಗೆ ಮನಸ್ಸಿಲ್ಲ. ಬಲವನ್ನು ನಾವು ಗಳಿಸಿ ಇಟ್ಟುಕೊಳ್ಳಬಹುದು. ಹೊತ್ತನ್ನು ಹಾಗೆ ಇಟ್ಟುಕೊಳ್ಳಲು ಬರುತ್ತದೆಯೇ? ಅದನ್ನು ಎದುರಿಗಿರುವವರಿಂದ ಪ್ರತಿಸಲವೂ ಹೊಸದಾಗಿ ಕೇಳಿ ಪಡೆಯಬೇಕು.

ಇದಕ್ಕೇ ಇರಬೇಕು, ನುರಿತ ಆಟಗಾರ್ತಿಯ ಮೈ ಒಂದೇ ಗಳಿಗೆಯಲ್ಲಿ ಹೊರಡುತ್ತದೆ ಮತ್ತು ಕಾಯುತ್ತದೆ. ಸೊಂಟ ಮುಂದೆ ತಿರುಗಲು ತೊಡಗಿರುತ್ತದೆ, ಹೆಗಲೂ ಕೈಯೂ ಇನ್ನೂ ಹಿಂದೆಯೇ ಉಳಿದಿರುತ್ತವೆ. ಆ ಎರಡರ ಎಳೆದಾಟದಲ್ಲಿ ಹೊಟ್ಟೆ ಬೆನ್ನುಗಳ ಸ್ನಾಯು ಹೆದೆಯೇರಿಸಿದ ಬಿಲ್ಲಿನ ಹಾಗೆ ಬಿಗಿಯುತ್ತದೆ. ಎಲ್ಲವೂ ಒಟ್ಟಿಗೇ ಹೊರಟುಬಿಟ್ಟರೆ ಬಿಗಿಯೂ ಇಲ್ಲ, ಬಲವೂ ಇಲ್ಲ. ಹೊರಟ ಮೇಲೂ ತಡೆದುಕೊಳ್ಳುವ ಈ ಬಗೆ ನಮ್ಮ ದಿನದ ಬಾಳಿಗೆ ಎಷ್ಟು ಅಪರೂಪ! ಕೋಪ ಬಂದೊಡನೆ ಮಾತು, ಆಸೆ ಹುಟ್ಟಿದೊಡನೆ ಕೈ; ನಮ್ಮಲ್ಲಿ ಎಲ್ಲವೂ ಒಟ್ಟಿಗೇ ಹೊರಡುವುದೇ ಹೆಚ್ಚು.

ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದ್ದು ಮಾತ್ರ ಇದರ ಮುಂದಿನ ಸಂಗತಿ. ವೇಗವಾಗಿ ತಿರುಗಿದ ಸೊಂಟ ಕೊನೆಯವರೆಗೂ ಹಾಗೇ ತಿರುಗುತ್ತ ಹೋಗುವುದಿಲ್ಲ. ಊರಿದ ಎಡಗಾಲು ನೆಟ್ಟಗಾಗಿ ಗೋಡೆಯಂತೆ ನಿಲ್ಲುತ್ತದೆ. ಅದರ ತಡೆಗೆ ಸೊಂಟ ನಿಧಾನಿಸುತ್ತದೆ. ಅದು ನಿಧಾನಿಸಿದಾಗಲೇ ಅದರ ವೇಗ ಎದೆಗೆ ದಾಟುತ್ತದೆ. ಎದೆ ನಿಧಾನಿಸಿದಾಗ ತೋಳಿಗೆ, ತೋಳು ನಿಧಾನಿಸಿದಾಗ ಬ್ಯಾಟಿಗೆ. ಕೊಡುವುದು ಎಂದರೆ ಇಲ್ಲಿ ನಿಲ್ಲುವುದು. ಸೊಂಟ ನಿಲ್ಲದೆ ತಾನೇ ತಿರುಗುತ್ತ ಹೋದರೆ ಮೈಯೆಲ್ಲ ಬುಗುರಿಯಂತೆ ಸುತ್ತುತ್ತದೆ, ನೋಡಲು ರಭಸವೇ ರಭಸ. ಬ್ಯಾಟಿನ ತುದಿಗೆ ತಲುಪುವುದು ಅತ್ಯಲ್ಪ. ನಡು ಚೆಂಡನ್ನು ಮುಟ್ಟುವುದೇ ಇಲ್ಲ. ಚೆಂಡು ಹಾರುವ ಹೊತ್ತಿಗೆ ಅದು ತನ್ನ ಕೆಲಸ ಮುಗಿಸಿ ಸುಮ್ಮನಾಗಿರುತ್ತದೆ. ಇಷ್ಟಾಗಿಯೂ ಆ ಹೊಡೆತ ಯಾರದು?

ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ಸಂಘಗಳಲ್ಲಿ ಹಿರಿಯರಾದವರು ಎದುರಿಸುವ ಪ್ರಶ್ನೆಯೂ ಇದೇ ಅಲ್ಲವೇ? ತಿರುಗುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ, ನಿಲ್ಲುವುದನ್ನು ಕಲಿಸಿದವರಿಲ್ಲ. ನಿಂತರೆ ಮುಗಿದೇಹೋದೆವೇನೋ ಎಂಬ ಅಂಜಿಕೆ. ಮಗನ ಕೈಗೆ ಜಮೀನು ವಹಿಸಿದ ಮೇಲೂ ನಾಲ್ಕು ವರ್ಷ ನಾಟಿಯ ದಿನವನ್ನು ನಾನೇ ಗೊತ್ತು ಮಾಡಿದೆ, ಬಿತ್ತನೆಯ ಭತ್ತವನ್ನು ನಾನೇ ಆರಿಸಿದೆ. ಅವನು ಎದುರಾಡಲಿಲ್ಲ. ಅವನ ಕೆಲಸದಲ್ಲಿ ಕಸುವಿಲ್ಲ ಎಂದು ನಾನು ನೊಂದುಕೊಂಡದ್ದುಂಟು, ಅವನ ಮುಂದೆಯೇ ಆಡಿಯೂ ಬಿಟ್ಟೆ. ಆ ಕಸುವು ಅವನಿಗೆ ದಾಟಲು ನಾನು ಎಲ್ಲಿ ಬಿಟ್ಟಿದ್ದೆ? ಬೇಲಿಯ ಪಕ್ಕದ ಬೆಂಚಿನ ಮೇಲೆ ಕೂತು ಅದನ್ನು ನೆನೆದಾಗ ಕಣ್ಣು ಒದ್ದೆಯಾಯಿತು.

ನಿಲ್ಲುವುದೆಂದರೆ ಸಡಿಲವಾಗಿ ಕುಸಿಯುವುದಲ್ಲ ಎಂಬುದನ್ನೂ ಆ ಎಡಗಾಲು ತೋರಿಸುತ್ತದೆ. ಮೊಣಕಾಲು ಮೆದುವಾಗಿ ಬಾಗಿಬಿಟ್ಟರೆ ವೇಗವೆಲ್ಲ ನೆಲಕ್ಕೆ ಇಂಗಿಹೋಗುತ್ತದೆ. ಹಿಂದೆ ಸರಿದ ಹಿರಿಯನು ಮುನಿಸಿನಿಂದ ಎಲ್ಲವನ್ನೂ ಕೈಬಿಟ್ಟರೆ ಆಗುವುದೂ ಅದೇ. ಎಳೆಯರ ಬೀಸನ್ನು ತಡೆದುಕೊಂಡು, ಅಲ್ಲಾಡದೆ, ಹತ್ತಿರದಲ್ಲೇ ಇರಬೇಕು. ಇದು ಓಡುವುದಕ್ಕಿಂತ ದಣಿಸುವ ಕೆಲಸ.

ಹೇಳದೆ ಬಿಡಲಾರದ ಇನ್ನೊಂದು ಮಾತಿದೆ. ನಮ್ಮ ಕಾವ್ಯಗಳು ಹೆಣ್ಣಿನ ನಡುವನ್ನು ಹೊಗಳಿದ್ದು ಅದು ಇದೆಯೋ ಇಲ್ಲವೋ ಎಂಬಷ್ಟು ಸಣ್ಣದು ಎಂದು. ‘ಬಡನಡು’ ಎಂದೇ ಕರೆದೆವು. ಅದೇ ಹೊತ್ತಿನಲ್ಲಿ ಮನೆಯ ಹೆಂಗಸು ಅದೇ ನಡುವಿನ ಮೇಲೆ ಒಂದು ಕಡೆ ಕೊಡ, ಇನ್ನೊಂದು ಕಡೆ ಕೂಸು ಹೊತ್ತು ಕೆರೆ ಏರಿ ಹತ್ತುತ್ತಿದ್ದಳು. ಅದು ಬಡವಾಗಿದ್ದರೆ ಸಂಸಾರ ನಿಲ್ಲುತ್ತಿತ್ತೇ? 1996ರಲ್ಲಿ ಅಟ್ಲಾಂಟಾದಲ್ಲಿ ಸಾಫ್ಟ್‌ಬಾಲ್ ಒಲಿಂಪಿಕ್ಸಿಗೆ ಬಂದಾಗ ಅದು ಹೆಣ್ಣುಮಕ್ಕಳ ಆಟವಾಗಿಯೇ ಬಂತು. ತನ್ನ ಸೊಂಟ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಕೇಳಿಕೊಳ್ಳುವ ವಯಸ್ಸಿಗೆ ಕಾಲಿಡುತ್ತಿರುವ ಹುಡುಗಿಗೆ, ಅದು ಏನು ಮಾಡಬಲ್ಲದು ಎಂದು ಮೊದಲು ತಿಳಿಸಿಕೊಡುವ ಮೈದಾನ ಅದು. ನನ್ನ ತಾಯಿಗೆ, ನನ್ನ ಅಕ್ಕಂದಿರಿಗೆ ಅಂಥದೊಂದು ಮೈದಾನ ಸಿಗಲಿಲ್ಲ ಎಂಬ ಕೊರಗು ನನ್ನಲ್ಲಿ ಉಳಿದಿದೆ.

ಊರಿಗೆ ಹೊರಡುವ ಹಿಂದಿನ ದಿನ ಕೊನೆಯ ಸಲ ಅವಳ ಜೊತೆ ಹೋದೆ. ಮಳೆ ಬಂದು ಬಿಟ್ಟಿತ್ತು, ಮೈದಾನದ ಕೆಂಪು ಮಣ್ಣು ಹದವಾಗಿತ್ತು. ಬ್ಯಾಟಿನ ಆ ತುಂಬಿದ ಸದ್ದು ಕೇಳಿಸಿತು, ಗೆಳತಿಯರು ಕೂಗಿದರು. ‘ತಾತ, ನೋಡಿದ್ಯಾ? ಎಷ್ಟು ದೂರ ಹೋಯ್ತು ನೋಡಿದ್ಯಾ?’ ಎಂದು ಬೇಲಿಯ ತನಕ ಓಡಿಬಂದಳು. ಚೆಂಡು ಎಲ್ಲಿ ಬಿತ್ತೋ ನಾನು ನೋಡಿರಲಿಲ್ಲ. ಅವಳು ಬಿಟ್ಟು ಬಂದ ಜಾಗದಲ್ಲಿ, ಒದ್ದೆ ಮಣ್ಣಿನಲ್ಲಿ, ಎಡಗಾಲಿನ ಹಿಮ್ಮಡಿಯ ಗುಳಿ ಕಾಣುತ್ತಿತ್ತು. ಆಳವಾಗಿ, ಅಂಚು ಎಲ್ಲಿಯೂ ಜಾರದೆ.