ಆಕಾಶದಿಂದ ಬಿದ್ದದ್ದು ಯಾರದು?
ನಿಜಾಮರ ಅತಿಥಿಗೃಹವಾಗಿದ್ದ ನಮ್ಮ ಕಲಬುರಗಿಯ ಐವಾನ್-ಎ-ಶಾಹಿಯ ಮುಂದೆ ಹಾದುಹೋಗುವಾಗ, ಜನರ ನೆಲದಿಂದ ಅರಮನೆ ಸೇರಿದ ವಸ್ತುಗಳು ನೆನಪಾಗುತ್ತವೆ. 1621ರಲ್ಲಿ ಜಾಲಂಧರದ ಹಳ್ಳಿಯೊಂದರಲ್ಲಿ ಉಲ್ಕೆ ಬಿತ್ತು. ಅಲ್ಲಿನ ಆಮಿಲ್ ಮುಹಮ್ಮದ್ ಸಈದ್ ಸ್ವತಃ ಹೋಗಿ, ಸುಟ್ಟ ನೆಲ ಅಗೆಸಿ, ಬಿಸಿ ಕಬ್ಬಿಣದ ತುಂಡನ್ನು ಜಹಾಂಗೀರನಿಗೆ ಕಳುಹಿಸಿದ. ತೂಕ 160 ತೊಲ. ಸುತ್ತಿಗೆಯ ಏಟಿಗೆ ಪುಡಿಯಾಗುತ್ತಿದ್ದ ಅದಕ್ಕೆ ಉಸ್ತಾದ್ ದಾವೂದ್ ಬೇರೆ ಕಬ್ಬಿಣ ಬೆರೆಸಿ ಕತ್ತಿ, ಕಠಾರಿ, ಚೂರಿ ಮಾಡಿದ. ಚೂರಿ ಈಗ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಬಾದಶಹ ಇದನ್ನೆಲ್ಲ ಬರೆದಿಟ್ಟದ್ದು ದೊಡ್ಡ ಉಪಕಾರವೇ.

ನಾಳೆ ಕಮಲಾಪುರದ ಕೆಂಪು ಬಾಳೆ ತೋಟದಲ್ಲಿ ಅಂಥದೊಂದು ಬಿದ್ದರೆ? ಇಂದು ಉಲ್ಕಾಶಿಲೆಗಳ ಪಾಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ. ಅದಕ್ಕೆ ಒಪ್ಪಿಸುವುದೇ ಸರಿ ಎನ್ನುತ್ತೇವೆ ನಾವು. ಗುಟ್ಟಾಗಿ ಮಾರಿದ ಕಲ್ಲನ್ನು ಯಾರೂ ಪರೀಕ್ಷಿಸಲಾರರು. ಆದರೆ ಬೆಳೆ ಕಳೆದುಕೊಂಡವನ ಪಾಲೇನು? ಜಹಾಂಗೀರನ ಬರಹದಲ್ಲಿ ಆಮಿಲನ ಹೆಸರಿದೆ, ಕಮ್ಮಾರನ ಹೆಸರಿದೆ. ಸುಟ್ಟ ನೆಲದ ಒಡೆಯನದು ಇಲ್ಲ.