ಕಡ ತಂದ ಮಾತಿನ ಲೆಕ್ಕ

ಪಕ್ಷವೊಂದು ನಿಲುವು ಬದಲಿಸಿದ ಕೂಡಲೇ ನಾವು ‘ಅವಕಾಶವಾದ’ ಎಂದು ಷರಾ ಬರೆದುಬಿಡುತ್ತೇವೆ. ಬದಲಾಗುವುದೇ ತಪ್ಪಾದರೆ ಯೋಚಿಸುವುದೂ ತಪ್ಪಾಗಬೇಕು. ನಿಜವಾದ ತೊಡಕು ಇರುವುದು ಪಕ್ಷ ಧರ್ಮದ ಮಾತನ್ನು ಕಡ ತಂದಾಗ. ಕಡ ತಂದವರು ಲೆಕ್ಕ ಒಪ್ಪಿಸಬೇಕಲ್ಲವೇ?

ಸಂಶೋಧನೆಗೆಂದು ವಿಜಯಪುರದಿಂದ ತಿಕೋಟಾ, ಬಬಲೇಶ್ವರಗಳಿಗೆ ಓಡಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಬಸವಣ್ಣ ಹುಟ್ಟಿದ ಜಿಲ್ಲೆಯಿದು. ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಬೇಕೆಂಬ ಹೋರಾಟದ ಮುಂಚೂಣಿಯಲ್ಲಿದ್ದವರು ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರು. ನ್ಯಾಯಮೂರ್ತಿ ನಾಗಮೋಹನ್ ದಾಸ್ ಸಮಿತಿಯ ವರದಿಯನ್ನು ಒಪ್ಪಿ, ಕೇಂದ್ರಕ್ಕೆ ಶಿಫಾರಸು ಮಾಡಲು ಸಿದ್ದರಾಮಯ್ಯನವರ ಸಂಪುಟ 2018ರ ಮಾರ್ಚ್ 19ರಂದು ತೀರ್ಮಾನಿಸಿತು. ಮೇ ತಿಂಗಳ ಚುನಾವಣೆಯಲ್ಲಿ ಪಾಟೀಲರು ಗೆದ್ದರು. ಆದರೆ 2013ರಲ್ಲಿ 122 ಸ್ಥಾನ ಪಡೆದಿದ್ದ ಕಾಂಗ್ರೆಸ್ 80ರ ಆಸುಪಾಸಿಗೆ ಇಳಿಯಿತು. ಅಕ್ಟೋಬರಿನಲ್ಲಿ, ಅದೇ ಸಂಪುಟದಲ್ಲಿದ್ದ ಡಿ.ಕೆ. ಶಿವಕುಮಾರ್ ಸರ್ಕಾರ ಧರ್ಮದ ವಿಚಾರಕ್ಕೆ ಕೈಹಾಕಿದ್ದು ತಪ್ಪೆಂದು ಕ್ಷಮೆ ಕೇಳಿದರು. ಪಾಟೀಲರು ಅದನ್ನು ಒಪ್ಪಲಿಲ್ಲ.

ಇಬ್ಬರಲ್ಲಿ ಯಾರು ಸರಿ ಎಂಬುದನ್ನು ಬದಿಗಿಡೋಣ. ಬೇಡಿಕೆ ನ್ಯಾಯವಾದದ್ದೇ ಆಗಿದ್ದರೆ ಸೋಲು ಅದನ್ನು ಅನ್ಯಾಯ ಮಾಡದು. ಅನ್ಯಾಯವಾಗಿದ್ದರೆ ಗೆಲುವೂ ಅದನ್ನು ನ್ಯಾಯ ಮಾಡುತ್ತಿರಲಿಲ್ಲ. ಫಲಿತಾಂಶ ತಿರುಗುಮುರುಗಾಗಿದ್ದರೂ ನಿಲ್ಲುವಂಥ ಕಾರಣವಿದ್ದರೆ ಮಾತ್ರ ನಿಲುವಿನ ಬದಲಾವಣೆಗೆ ನೈತಿಕ ಬಲ ಬರುತ್ತದೆ.

ಈ ಒರೆಗಲ್ಲಿಗೆ ಜರ್ಮನಿಯ ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್ ಪಕ್ಷವನ್ನೂ ಹಚ್ಚಿ ನೋಡಬಹುದು. ಅದು ಧರ್ಮವನ್ನು ಹೆಸರಿನಲ್ಲೇ ಹೊತ್ತ ಪಕ್ಷ. ಬಂಡವಾಳಶಾಹಿ ವ್ಯವಸ್ಥೆ ಜನರ ಹಿತ ಕಾಯಲಿಲ್ಲ ಎಂದು 1947ರಲ್ಲಿ ಅದರ ಆಲೆನ್ ಕಾರ್ಯಕ್ರಮ ಸಾರಿತು. ಎರಡೇ ವರ್ಷಕ್ಕೆ ಡ್ಯುಸೆಲ್‌ಡಾರ್ಫ್ ಸೂತ್ರಗಳು ‘ಸಾಮಾಜಿಕ ಮಾರುಕಟ್ಟೆ’ಯನ್ನು ಅಪ್ಪಿಕೊಂಡವು. ಗುರಿ ಹಳೆಯದೇ, ಅದನ್ನು ಮುಟ್ಟಲು ಪೈಪೋಟಿಯ ದಾರಿ ಮೇಲು ಎಂಬ ವಾದ ಅಲ್ಲಿತ್ತು. ಒಪ್ಪದಿರಬಹುದು, ಎದುರು ವಾದ ಹೂಡಬಹುದು. ಲೆಕ್ಕವಂತೂ ಕಣ್ಣೆದುರು ಇತ್ತು.

2025ರ ಜನವರಿ 29ರಂದು ಅದೇ ಪಕ್ಷದ ವಲಸೆ ಕುರಿತ ನಿರ್ಣಯ ಕಡುಬಲಪಂಥದ ಎಎಫ್‌ಡಿ ಪಕ್ಷದ ಮತಗಳಿಂದ ಅಂಗೀಕಾರವಾಯಿತು. ಸರಿಯಾದದ್ದನ್ನು ಯಾರು ಬೆಂಬಲಿಸಿದರೂ ಅದು ಸರಿಯೇ ಎಂದರು ನಾಯಕ ಫ್ರೆಡ್ರಿಕ್ ಮೆರ್ಜ್. ನನ್ನ ಒರೆಗಲ್ಲಿನಲ್ಲಿ ಈ ಮಾತು ಗೆದ್ದಂತೆಯೇ ಕಾಣುತ್ತದೆ. ಆದರೆ ಅಂಥ ಬಹುಮತ ಬೇಡವೆಂದು ಹಿಂದಿನ ನವೆಂಬರಿನಲ್ಲಿ ಹೇಳಿದ್ದವರೂ ಅವರೇ. ಎರಡು ಪ್ರಮುಖ ಚರ್ಚುಗಳ ಬರ್ಲಿನ್ ಕಚೇರಿಗಳು ಬಹಿರಂಗವಾಗಿಯೇ ಆಕ್ಷೇಪ ಎತ್ತಿದವು. ಮಾತು ಕಡ ಕೊಟ್ಟವರು ಬಾಗಿಲಿಗೆ ಬಂದು ನಿಂತಂತಾಯಿತು.

ಪಕ್ಷಗಳು ಮುಂದೆ ಸಾಗುತ್ತವೆ. ಎತ್ತಿದ ಪ್ರಶ್ನೆ ಮಾತ್ರ ಜನರ ಮನೆಯಲ್ಲೇ ಉಳಿಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ, ಧರ್ಮದ ಕಾಲಂನಲ್ಲಿ ಹಿಂದೂ ಎನ್ನಬೇಕೋ ಲಿಂಗಾಯತ ಎನ್ನಬೇಕೋ ಎಂಬ ಚರ್ಚೆ ಮತ್ತೆ ಎದ್ದಿತು. ಗಣತಿದಾರರಿಗೆ ಉತ್ತರ ಹೇಳಬೇಕಾದವರು ಸಂಪುಟದವರಲ್ಲ, ಮನೆಯವರು. ಅವರಿಗೆ ‘ಚುನಾವಣೆ ಮುಗಿಯಿತು’ ಎಂಬುದು ಉತ್ತರವಾಗಲಾರದು.